ನೆರೆ ಬಾರದ ವರ್ಷ ನಾವು ಗಟ್ಟಿಯಾದೆವಾ?

ಕಾರವಾರ, ಅಂಕೋಲಾ ಕಡೆ ಪಂಚಾಯ್ತಿ ಸಭೆಗಳಿಗೆ ಹೋದರೆ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಹವಾಮಾನ ಅಪಾಯದ ಪಟ್ಟಿಯಲ್ಲಿ ಭಾರತ ಇಷ್ಟನೇ ಸ್ಥಾನಕ್ಕೆ ಇಳಿದಿದೆ ಅಂತ ಪೇಪರಲ್ಲಿ ಬಂತಲ್ಲ, ಹಾಗಾದರೆ ಸುಧಾರಿಸಿದ್ದೇವೆ ಅಂತ ಅರ್ಥನಾ? ಅಲ್ಲ. ಆ ಸ್ಥಾನ ಹೇಳುವುದೇ ಬೇರೆ.

ಜರ್ಮನ್‌ವಾಚ್ ಸಂಸ್ಥೆಯ ಪಟ್ಟಿಯನ್ನೇ ನೋಡಿ. 2018ರ ಅನಾಹುತಗಳ ಲೆಕ್ಕದಲ್ಲಿ ಅತಿ ಹೆಚ್ಚು ಹೊಡೆತ ತಿಂದ ದೇಶ ಅಂತ ಮೊದಲ ಸ್ಥಾನ ಜಪಾನಿಗೆ, ಮೂರನೆಯದು ಜರ್ಮನಿಗೆ. ಕೇರಳದಲ್ಲಿ ಅಷ್ಟು ದೊಡ್ಡ ನೆರೆ ಬಂದ ಆ ವರ್ಷ ಭಾರತಕ್ಕೆ ಐದನೆಯದು. ಜಪಾನ್ ನಮಗಿಂತ ದುರ್ಬಲ ದೇಶ ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಆ ವರ್ಷ ಎಷ್ಟು ಜನ ಸತ್ತರು, ಎಷ್ಟು ನಷ್ಟ ಆಯಿತು ಅನ್ನುವುದನ್ನು ಆ ಪಟ್ಟಿ ಎಣಿಸುತ್ತದೆ. ಮರುವರ್ಷ ಚಂಡಮಾರುತ ಬಾರದಿದ್ದರೆ ಸ್ಥಾನ ತಾನಾಗಿ ಇಳಿಯುತ್ತದೆ, ಅದರಲ್ಲಿ ನಮ್ಮ ಸಾಧನೆ ಏನೂ ಇಲ್ಲ.

ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2014ರ ವರದಿಯಲ್ಲಿ ಹವಾಮಾನ ಅಪಾಯವನ್ನು ಮೂರು ಭಾಗ ಮಾಡಿ ಹೇಳಿತು. ಬರುವ ಮಳೆ ಅಥವಾ ಗಾಳಿ ಒಂದು, ಅದರ ದಾರಿಯಲ್ಲಿ ಇರುವ ಜನ, ಮನೆ, ಗದ್ದೆ ಇನ್ನೊಂದು, ಹೊಡೆತ ತಾಳುವ ಶಕ್ತಿ ಎಷ್ಟು ಕಮ್ಮಿ ಇದೆ ಅನ್ನುವುದು ಮೂರನೆಯದು. ಈ ಮೂರನೆಯದೇ ದುರ್ಬಲತೆ. ಮೂರನ್ನೂ ಕಲಸಿ ಒಂದೇ ಅಂಕಿ ಮಾಡಿದರೆ ಯಾವುದು ಬದಲಾಯಿತು ಅಂತ ಗೊತ್ತೇ ಆಗುವುದಿಲ್ಲ.

ಅಂಕೋಲಾ ತಾಲ್ಲೂಕಿನ ಶಿರೂರು ತಗೊಳ್ಳಿ. 2024ರ ಜುಲೈ 16ರಂದು ಹೆದ್ದಾರಿ ಮೇಲೆ ಗುಡ್ಡ ಬಿತ್ತು. ಮಳೆ ಜೋರಿತ್ತು, ನಿಜ. ಆದರೆ ಗುಡ್ಡ ಕಡಿದು ರಸ್ತೆ ಅಗಲ ಮಾಡಿದ ಜಾಗ ಅದು, ಅಲ್ಲೇ ಚಹಾದಂಗಡಿ, ಚಹಾಕ್ಕೆ ಅಂತ ನಿಲ್ಲುವ ಲಾರಿಗಳು. ಮಣ್ಣು ಪಕ್ಕದ ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಜನಗಣತಿಯಲ್ಲಿ ಆ ಲಾರಿ ಚಾಲಕರು ಶಿರೂರಿನವರಲ್ಲ. ಉಳುವರೆಯವರ ಮನೆ ಗುಡ್ಡದ ಬುಡದಲ್ಲೂ ಇಲ್ಲ. ನಮ್ಮ ಯಾವ ಕೋಷ್ಟಕದಲ್ಲೂ ಇವರು ಅಪಾಯದಲ್ಲಿ ಇದ್ದವರು ಅಂತ ಸಿಗುವುದಿಲ್ಲ.

ಹಾಗಾದರೆ ಕಾಲಕಾಲಕ್ಕೆ ಅಳೆಯುವುದು ಹೇಗೆ? ಒಂದು ದಾರಿ, ಹೆಚ್ಚುಕಮ್ಮಿ ಒಂದೇ ಥರದ ಹೊಡೆತ ಬಿದ್ದಾಗ ಏನಾಯಿತು ಅಂತ ಹೋಲಿಸುವುದು. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಸತ್ತವರು 50ಕ್ಕಿಂತ ಕಮ್ಮಿ. ಗಾಳಿ ಅಷ್ಟು ಭಾರಿ ಇರಲಿಲ್ಲ ಅನ್ನಬಹುದು, ಆದರೂ ಅಂತರ ನೋಡಿ! ಮುನ್ಸೂಚನೆ ಸಿಕ್ಕಿತು, ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸ್ಥಳಾಂತರ ಮಾಡಿದರು, ಅವರನ್ನು ಇರಿಸಲು ಆಶ್ರಯ ಕಟ್ಟಡಗಳು ಇದ್ದವು. ಬಾಂಗ್ಲಾದೇಶದ ಕಥೆಯೂ ಹಾಗೇ. 1970ರಲ್ಲಿ ಮೂರು ಲಕ್ಷಕ್ಕೂ ಜಾಸ್ತಿ, 1991ರಲ್ಲಿ ಸುಮಾರು 1.4 ಲಕ್ಷ, 2007ರ ಸಿದ್ರ್ ಚಂಡಮಾರುತಕ್ಕೆ 3,400ರ ಆಸುಪಾಸು ಜನ ಸತ್ತರು.

ಆದರೆ 2021ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಪ್ರಕಟಿಸಿದ ರಾಜ್ಯವಾರು ಅಧ್ಯಯನದಲ್ಲಿ ಇದೇ ಒಡಿಶಾ ಹೆಚ್ಚು ದುರ್ಬಲ ರಾಜ್ಯಗಳ ಸಾಲಿನಲ್ಲಿದೆ. ಎರಡೂ ಸರಿ. ಜೀವ ಉಳಿಸಿಕೊಳ್ಳುವುದನ್ನು ಒಡಿಶಾ ಕಲಿತಿದೆ, ಆದರೆ ಬಡತನ, ಮಳೆ ನಂಬಿದ ಬೇಸಾಯ ಅಲ್ಲಿ ಇನ್ನೂ ಇದೆ. ಅದಕ್ಕೇ ಯಾರಾದರೂ ಒಂದೇ ಅಂಕಿ ಕೊಟ್ಟರೆ ಯಾವುದಕ್ಕೆ ದುರ್ಬಲ, ಜೀವಕ್ಕಾ ಜೀವನೋಪಾಯಕ್ಕಾ ಅಂತ ನಾನು ಮೊದಲು ಕೇಳುತ್ತೇನೆ.

ಅಳತೆಗೋಲು ಮಧ್ಯದಲ್ಲಿ ಬದಲಾಗಬಾರದು. ಒಂದು ವರ್ಷ ಕೊಳಗದಲ್ಲಿ, ಮರುವರ್ಷ ಕಿಲೋದಲ್ಲಿ ಭತ್ತ ಅಳೆದು ಬೆಳೆ ಜಾಸ್ತಿ ಬಂತು ಅಂದ ಹಾಗಾಗುತ್ತದೆ. ದೇಶಗಳ ದುರ್ಬಲತೆ ಮತ್ತು ಸಿದ್ಧತೆ ಅಳೆಯುವ, ಅಮೆರಿಕದ ನೋಟ್ರ್ ಡೇಮ್ ವಿಶ್ವವಿದ್ಯಾಲಯದ ಎನ್‌ಡಿ-ಗೇನ್ ಸೂಚ್ಯಂಕದಲ್ಲಿ 1995ರಿಂದ ಅಂಕಿಗಳಿವೆ, ತುಂಬಾ ಉಪಯುಕ್ತ. ಆದರೆ ಬಳಸುವಾಗ ಒಂದೇ ಆವೃತ್ತಿಯಿಂದ ಅಷ್ಟೂ ವರ್ಷಗಳ ಅಂಕಿ ತೆಗೆದುಕೊಳ್ಳಿ. ಸ್ಥಾನ ಬಿಡಿ, ಅಂಕ ನೋಡಿ. ಪಕ್ಕದ ದೇಶ ಮುಂದೆ ಹೋದರೂ ನಮ್ಮ ಸ್ಥಾನ ಕುಸಿಯುತ್ತದೆ.

ಇನ್ನು ಸೂಚಕಗಳ ಆಯ್ಕೆ, ಅಂದರೆ ಅಂಕ ಹಾಕಲು ಏನನ್ನು ಎಣಿಸುತ್ತೇವೆ ಅನ್ನುವುದು. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಕುಮಟಾದ ಮಾಣಿಕಟ್ಟಾ ಕಡೆ ಅಘನಾಶಿನಿ ನದಿಯ ಗಜನಿಗಳಿಗೆ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಗಳಿಗೆ ಹೋಗಿ ನೋಡಿ. ಅಲ್ಲಿನ ತಳಿಯಾದ ಕಗ್ಗ ಭತ್ತ ನೆರೆ ನೀರಲ್ಲಿ ದಿನಗಟ್ಟಲೆ ಮುಳುಗಿದರೂ ಮತ್ತೆ ಏಳುತ್ತದೆ, ಉಪ್ಪನ್ನೂ ತಾಳುತ್ತದೆ, ಗೊಬ್ಬರವನ್ನೂ ಕೇಳುವುದಿಲ್ಲ. ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಸಮುದ್ರ ಮಟ್ಟ ಏರುವ ಕಾಲಕ್ಕೆ ಇದಕ್ಕಿಂತ ಒಳ್ಳೆ ಪಾಠ ಎಲ್ಲಿದೆ? ಆದರೆ ಕೋಷ್ಟಕದಲ್ಲಿ ಇದು ನೀರಾವರಿ ಇಲ್ಲದ, ಇಳುವರಿ ಕಮ್ಮಿ ಇರುವ ಜಮೀನು, ಅಂದರೆ ದುರ್ಬಲ! ಊರವರು ಸೇರಿ ಗಜನಿಯ ಕಟ್ಟು ರಿಪೇರಿ ಮಾಡುತ್ತಾರಾ ಇಲ್ಲವಾ ಅನ್ನುವುದಕ್ಕೆ ಅಲ್ಲಿ ಕಾಲಂ ಇಲ್ಲ. ಕಟ್ಟು ಒಡೆದು ಕಗ್ಗ ಬಿತ್ತುವುದು ನಿಂತರೂ ದೇಶದ ಅಂಕ ಒಂದಿಷ್ಟೂ ಅಲುಗಾಡುವುದಿಲ್ಲ.

ದೇಶದ ಅಂಕಿ ಬೇಡ ಅಂತಲ್ಲ. ಹಣ ಹಂಚುವಾಗ ಅದು ಬೇಕೇ ಬೇಕು. ಆದರೆ ಅದನ್ನು ಪರೀಕ್ಷಿಸಲು ಕೆಳಗಿನಿಂದ ದಾಖಲೆ ಬರಬೇಕು. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಡದ ಊರುಗಳು ಮುಳುಗಿದವು. ಎರಡು ಸಲವೂ ಎಷ್ಟು ಕ್ಯೂಸೆಕ್ ಬಿಟ್ಟರು, ಎಚ್ಚರಿಕೆ ಎಷ್ಟು ಗಂಟೆ ಮೊದಲು ಬಂತು, ನೀರು ಬರುವ ಮುಂಚೆ ಎಷ್ಟು ಮನೆಯವರು ಹೊರಟಿದ್ದರು, ಮತ್ತೆ ಕೂಲಿಗೆ, ದೋಣಿಗೆ ಹೋಗಲು ಎಷ್ಟು ದಿನ ಹಿಡಿಯಿತು, ಇಷ್ಟನ್ನು ಒಂದೇ ರಿಜಿಸ್ಟರಿನಲ್ಲಿ ಅಕ್ಕಪಕ್ಕ ಬರೆದಿಟ್ಟರೆ ಆ ಊರು ಗಟ್ಟಿಯಾಯಿತಾ ಇಲ್ಲವಾ ಅಂತ ಪಂಚಾಯ್ತಿಯವರೇ ಹೇಳಬಹುದು. ನಾನು ಹೋದ ಕಡೆಯೆಲ್ಲ ಕೇಳುವುದು ಆ ರಿಜಿಸ್ಟರನ್ನೇ.