ಜಪಸರದ 59 ಮಣಿ: ಲೆಕ್ಕ ತಪ್ಪುವುದು ಎಲ್ಲಿ?

ಕಾಸರಗೋಡಿನ ಬೇಳ, ಕಯ್ಯಾರು ಕಡೆಯ ಕೊಂಕಣಿ ಕಥೋಲಿಕ ಮನೆಗಳಲ್ಲಿ ಸಂಜೆ ಹೇಳುವ ‘ತೆರ್ಸ್’ ಎಂದರೆ ಕನ್ನಡದ ಜಪಸರವೇ, ಮಣಿ ಎಣಿಸುತ್ತ ಹೇಳುವ ಮರಿಯಾ ಮಾತೆಯ ಪ್ರಾರ್ಥನೆ. ಭಾಷೆ ಯಾವುದಾದರೂ ಮಣಿ ಅಷ್ಟೇ: ಚಿಕ್ಕವು 53, ದೊಡ್ಡವು 6. ಶಿಲುಬೆ ಹಿಡಿದು ವಿಶ್ವಾಸ ಪ್ರಮಾಣ, ದೊಡ್ಡ ಮಣಿಗೆ ಪರಲೋಕ ಮಂತ್ರ, ಚಿಕ್ಕದಕ್ಕೆ ನಮೋ ಮರಿಯಾ.

ಐದು ಹತ್ತು ಐವತ್ತಾದರೆ ಇನ್ನು ಮೂರು ಎಲ್ಲಿಯವು? ಸರದಿಂದ ಶಿಲುಬೆಯತ್ತ ಇಳಿಯುವ ಬಾಲದಲ್ಲಿವೆ. ವಿಶ್ವಾಸ, ಭರವಸೆ, ಪ್ರೀತಿ ಹೆಚ್ಚಲೆಂದು ಹೇಳುವ ಆ ಮೂರು ಮೊದಲ ಹತ್ತಕ್ಕೆ ಸೇರವು. ಅವುಗಳ ನಂತರದ ದೊಡ್ಡ ಮಣಿಯಿಂದ ಮೊದಲ ರಹಸ್ಯ ಶುರು. ರಹಸ್ಯವೆಂದರೆ ಒಂದೊಂದು ಹತ್ತು ಹೇಳುವಾಗ ಧ್ಯಾನಿಸುವ, ಯೇಸು-ಮರಿಯಾರ ಬದುಕಿನ ಒಂದು ಘಟನೆ.

ಎಡವುವುದು ಹತ್ತು ಮುಗಿದ ಮೇಲೆ. ಪ್ರತಿ ಹತ್ತರ ಕೊನೆಗೆ ಹೇಳುವ ತ್ರಿತ್ವ ಸ್ತುತಿಗೂ ಫಾತಿಮಾ ಪ್ರಾರ್ಥನೆಗೂ ಪ್ರತ್ಯೇಕ ಮಣಿ ಇಲ್ಲ. ಹತ್ತನೆಯ ನಮೋ ಮರಿಯಾ ಮುಗಿಯುತ್ತಲೇ ಬೆರಳು ತಾನಾಗಿ ದೊಡ್ಡ ಮಣಿಗೆ ಜಾರುತ್ತದೆ, ಸ್ತುತಿ ಅಲ್ಲೇ ಮುಗಿಯುತ್ತದೆ. ಆಮೇಲೆ ಪರಲೋಕ ಮಂತ್ರಕ್ಕೆ ಮೊದಲ ಚಿಕ್ಕ ಮಣಿ ಹೋಯಿತು, ಉಳಿದದ್ದು ಒಂಬತ್ತೇ. ಮದ್ದು ಸುಲಭ: ಹತ್ತನೆಯ ಮಣಿ ಮತ್ತು ದೊಡ್ಡ ಮಣಿಯ ನಡುವಿನ ಬರೀ ಸರಪಳಿಯನ್ನು ಹಿಡಿದು ಸ್ತುತಿ ಹೇಳಿ. ಮುಂದಿನ ರಹಸ್ಯದ ಹೆಸರು ಹೇಳುವ ತನಕ ಬೆರಳು ಅಲ್ಲೇ ಇರಲಿ. ಹೆಸರು ಹೇಳಿದ ಮೇಲೆಯೇ ದೊಡ್ಡ ಮಣಿ ಮುಟ್ಟುವುದು. ಲೆಕ್ಕವನ್ನು ಬೆರಳಿಗೆ ಒಪ್ಪಿಸುವುದು ಮನಸ್ಸು ರಹಸ್ಯದ ಮೇಲೆ ನಿಲ್ಲಲೆಂದೇ. ತಲೆಯಲ್ಲೇ ಎಣಿಸುತ್ತ ಕೂತರೆ ಸರ ಯಾಕೆ ಬೇಕು?

ವಾರಗಳು: ಐದೈದು ರಹಸ್ಯಗಳ ನಾಲ್ಕು ಗುಂಪುಗಳಲ್ಲಿ ಸೋಮ, ಶನಿ ಸಂತೋಷದ್ದು; ಮಂಗಳ, ಶುಕ್ರ ದುಃಖದ್ದು; ಬುಧ, ಭಾನು ಮಹಿಮೆಯದು; ಗುರುವಾರ ಬೆಳಕಿನದು. ನೆನಪಿಗೆ ಎರಡು ಗೂಟ ಸಾಕು. ಶುಕ್ರವಾರ ಯೇಸು ಶಿಲುಬೆಗೇರಿದ ದಿನ, ಆದ್ದರಿಂದ ದುಃಖ. ಭಾನುವಾರ ಪುನರುತ್ಥಾನ, ಆದ್ದರಿಂದ ಮಹಿಮೆ. ಗುರುವಾರಕ್ಕೂ ಕಾರಣವಿದೆ: ಬೆಳಕಿನ ಐದನೆಯ ರಹಸ್ಯ ಪರಮಪ್ರಸಾದದ (ಪೂಜೆಯಲ್ಲಿ ಸ್ವೀಕರಿಸುವ ಯೇಸುವಿನ ದೇಹ-ರಕ್ತದ) ಸ್ಥಾಪನೆ, ಅದು ನಡೆದದ್ದು ಗುರುವಾರ ರಾತ್ರಿಯ ಭೋಜನದಲ್ಲಿ.

ಮನೆಯ ಹಳೇ ಪ್ರಾರ್ಥನಾ ಪುಸ್ತಕದಲ್ಲಿ ಗುರುವಾರಕ್ಕೆ ಸಂತೋಷದ ರಹಸ್ಯ, ಶನಿವಾರಕ್ಕೆ ಮಹಿಮೆಯದು ಇದ್ದರೆ ಅಚ್ಚಿನ ತಪ್ಪಲ್ಲ. ಬೆಳಕಿನ ಐದನ್ನು ಪೋಪ್ ಎರಡನೇ ಜಾನ್ ಪೌಲ್ ಸೇರಿಸಿದ್ದು 2002ರಲ್ಲಿ. ಅದಕ್ಕೆ ಮುಂಚೆ ರಹಸ್ಯಗಳು 15. ಈ ಹಂಚಿಕೆ ಸಲಹೆಯೇ ಹೊರತು ಕಟ್ಟಳೆಯಲ್ಲ. ಅಜ್ಜಿ ಹಳೆಯ ಕ್ರಮದಲ್ಲೇ ಹೇಳಿದರೆ ತಿದ್ದಲು ಹೋಗಬೇಡಿ.

ಐದು ರಹಸ್ಯಗಳೂ ಮುಗಿದ ಮೇಲೆ ಮರಿಯಾ ಮಾತೆಗೆ ಹೇಳುವ ‘ನಮೋ ರಾಣಿ’ ಪ್ರಾರ್ಥನೆ. ಲದಿನ್ (ಮರಿಯಾ ಮಾತೆಯ ಬಿರುದುಗಳ ಬಿನ್ನಹಮಾಲೆ) ಇಷ್ಟವಿದ್ದರೆ. ಕೊನೆಗೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’ (ಆಶೀರ್ವಾದ) ಬೇಡುವುದು ಈ ಕಡೆಯ ಮನೆ ರೂಢಿ, ಜಪಸರದ ಭಾಗವಲ್ಲ.