‘ಮೈಟ್’ ಅಂದ್ರೆ ‘ಮೇ’ಯ ಪಾಸ್ಟ್ ಟೆನ್ಸ್ ಅಲ್ವಾ?

ಓದುಗರ ಪ್ರಶ್ನೆ: ಮೇಡಂ, ‘ಹಿ ಮೈಟ್ ಕಮ್ ಟುಮಾರೋ’ ಅಂತ ಬರೆದಿದ್ದೆ. ನಮ್ಮಣ್ಣ ನೋಡಿ ತಪ್ಪು ಅಂದ. ಮೈಟ್ ಪಾಸ್ಟ್ ಟೆನ್ಸ್ ಅಂತೆ, ನಾಳೆ ವಿಷಯಕ್ಕೆ ಮೇ ಅಂತಾನೇ ಬರೀಬೇಕಂತೆ. ಯಾವುದು ಸರಿ? ಹಿರಿಯೂರಿನಿಂದ ಕೇಳ್ತಿದ್ದೀನಿ.

ಎರಡೂ ಸರಿ. ‘ಹಿ ಮೇ ಕಮ್ ಟುಮಾರೋ’ ಅನ್ನಿ, ‘ಹಿ ಮೈಟ್ ಕಮ್ ಟುಮಾರೋ’ ಅನ್ನಿ, ನಾಳೆ ಅವನು ಬಂದರೂ ಬರಬಹುದು ಅಂತಲೇ ಅರ್ಥ. ಅಣ್ಣನಿಗೆ ಧೈರ್ಯವಾಗಿ ಹೇಳಿ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ದಾವಣಗೆರೆಯಲ್ಲಿ ನಾನು ಪಾಠ ಮಾಡುವ ಪ್ರತಿ ಬ್ಯಾಚಿನಲ್ಲೂ ಇದೇ ಪ್ರಶ್ನೆ ಏಳುತ್ತದೆ. ಎಫ್‌ಡಿಎ, ಎಸ್‌ಡಿಎಗೆ ಓದುವವರು ಕೇಳುತ್ತಾರೆ, ಬ್ಯಾಂಕ್ ಪರೀಕ್ಷೆಯವರು ಕೇಳುತ್ತಾರೆ, ಐಇಎಲ್‌ಟಿಎಸ್ ಬರೆಯೋಕೆ ಹೊರಟವರೂ ಕೇಳುತ್ತಾರೆ. ಉತ್ತರ ಹೇಳಿದರೆ ಹೂಂ ಅನ್ನುತ್ತಾರೆ. ಮುಂದಿನ ವಾರ ನೋಟ್‌ಬುಕ್ ತೆರೆದರೆ ಮತ್ತದೇ ಟೇಬಲ್. ಕ್ಯಾನ್–ಕುಡ್, ಮೇ–ಮೈಟ್, ವಿಲ್–ವುಡ್, ಶಲ್–ಶುಡ್. ಎಡಗಡೆ ಪ್ರೆಸೆಂಟ್, ಬಲಗಡೆ ಪಾಸ್ಟ್, ನಡುವೆ ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆ. ಹೈಸ್ಕೂಲಿನಲ್ಲಿ ಬಾಯಿಪಾಠ ಆದದ್ದು ಸುಮ್ನೆ ಬಿಟ್ಟು ಹೋಗಲ್ಲ ನೋಡಿ.

ಟೇಬಲ್ ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಹಳೆಯ ಇಂಗ್ಲಿಷಿನಲ್ಲಿ ಮೈಟ್ ನಿಜವಾಗಿಯೂ ಮೇ ಪದದ ಭೂತಕಾಲದ ರೂಪವೇ ಆಗಿತ್ತು. ಅದರ ಗುರುತು ಇವತ್ತಿಗೂ ಉಳಿದಿರುವುದು ಮುಖ್ಯವಾಗಿ ಇನ್ನೊಬ್ಬರ ಮಾತನ್ನು ನಾವು ತಿರುಗಿ ಹೇಳುವಾಗ. ‘ಐ ಮೇ ಕಮ್’ ಅಂತ ಅವನು ಹೇಳಿದ್ದ. ಅದನ್ನು ನೀವು ‘ಹಿ ಸೆಡ್ ಹಿ ಮೈಟ್ ಕಮ್’ ಅನ್ನುತ್ತೀರಿ. ಡೈರೆಕ್ಟ್–ಇಂಡೈರೆಕ್ಟ್ ಸ್ಪೀಚ್ ಪಾಠಕ್ಕೆ ಆ ಟೇಬಲ್ ಬೇಕೇ ಬೇಕು. ಅಲ್ಲಿಂದ ಎತ್ತಿಕೊಂಡು ಬಂದು ಇಡೀ ಭಾಷೆಗೆ ಅಂಟಿಸಿದ್ದು ನಮ್ಮ ಕೆಲಸ. ಬಾಡಿಗೆಗಿದ್ದವನು ಸ್ವಂತ ಮನೆ ಕಟ್ಟಿಕೊಂಡು ಹೋಗಿ ಎಷ್ಟೋ ಕಾಲವಾಗಿದೆ, ನಾವಿನ್ನೂ ಹಳೇ ವಿಳಾಸಕ್ಕೇ ಕಾಗದ ಹಾಕುತ್ತಿದ್ದೇವೆ.

ಟೇಬಲ್ ನಂಬುವವರು ಅದರ ಕೊನೆಯ ಸಾಲನ್ನು ಒಮ್ಮೆ ನೋಡಿ. ಶಲ್–ಶುಡ್. ಮನೆಯಲ್ಲಿ ‘ಯೂ ಶುಡ್ ಸ್ಟಡಿ’ ಅಂತ ಬೈದರೆ, ‘ಅದು ಪಾಸ್ಟ್ ಟೆನ್ಸ್ ಅಪ್ಪಾಜಿ, ಮುಗಿದ ಕಥೆ’ ಅಂತ ಯಾರಾದರೂ ಎದ್ದು ಹೋಗುತ್ತಾರಾ? ‘ವುಡ್ ಯೂ ಲೈಕ್ ಸಮ್ ಟೀ?’ ಅಂದರೆ ನಿನ್ನೆ ಕುಡಿಯಬೇಕಿದ್ದ ಟೀ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಳ್ಳುತ್ತೀರಾ? ‘ಕುಡ್ ಯೂ ಓಪನ್ ದಿ ಡೋರ್?’ ಅಂದವರಿಗೆ ಈಗಲೇ ಬಾಗಿಲು ತೆರೆಯಬೇಕು, ಹೋದ ವರ್ಷ ಅಲ್ಲ. ಶುಡ್, ವುಡ್, ಕುಡ್ ಮೂರನ್ನೂ ಆರಾಮಾಗಿ ಒಪ್ಪಿಕೊಂಡವರು ಮೈಟ್ ಕಂಡ ಕೂಡಲೇ ಕೆಂಪು ಪೆನ್ನು ಹಿಡಿಯುತ್ತಾರೆ. ಅದೇನು ಪಾಪ ಮಾಡಿತ್ತೋ!

ಇಷ್ಟಕ್ಕೂ ಒಪ್ಪದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಮೈಟ್ ನಿಜವಾಗಿ ಪಾಸ್ಟ್ ಟೆನ್ಸ್ ಆಗಿದ್ದರೆ ‘ಹಿ ಮೈಟ್ ಕಮ್ ಯೆಸ್ಟರ್‌ಡೇ’ ಸರಿಯಾಗಬೇಕಿತ್ತು. ಹಾಗೆ ಯಾರೂ ಹೇಳುವುದಿಲ್ಲ. ನಿನ್ನೆ ಬಂದಿರಬಹುದು ಅನ್ನೋಕೆ ‘ಹಿ ಮೈಟ್ ಹ್ಯಾವ್ ಕಮ್ ಯೆಸ್ಟರ್‌ಡೇ’ ಅನ್ನಬೇಕು. ‘ಹಿ ಮೇ ಹ್ಯಾವ್ ಕಮ್ ಯೆಸ್ಟರ್‌ಡೇ’ ಕೂಡ ಅಷ್ಟೇ ಸರಿ. ಅಂದರೆ ನಿನ್ನೆಯ ಲೆಕ್ಕ ನೋಡಿಕೊಳ್ಳುತ್ತಿರುವುದು ಹ್ಯಾವ್ ಮತ್ತು ಅದರ ಪಕ್ಕ ಕೂತ ಕ್ರಿಯಾಪದದ ಮೂರನೇ ರೂಪ. ಮೇ ಆಗಲಿ ಮೈಟ್ ಆಗಲಿ ಅಲ್ಲಿ ‘ಬಹುದು’ ಅಂತಷ್ಟೇ ಹೇಳುತ್ತಿವೆ.

ಹಾಗಾದರೆ ಎರಡಕ್ಕೂ ವ್ಯತ್ಯಾಸವೇ ಇಲ್ವಾ? ನಾಳೆಯ ಮಾತಿಗೆ ಜಾಸ್ತಿ ಏನಿಲ್ಲ. ಮೈಟ್ ಸ್ವಲ್ಪ ಅನುಮಾನ ಹೆಚ್ಚು ಇಟ್ಟುಕೊಂಡ ಹಾಗೆ ಕೆಲವರಿಗೆ ಕೇಳಿಸುತ್ತದೆ. ಮಾತಿನಲ್ಲಿ ಮೈಟ್ ಸಲೀಸು, ಬರಹದಲ್ಲಿ ಮೇ ಗಂಭೀರ. ಕೆಮ್ಮಿನ ಸಿರಪ್ ಬಾಟಲಿ ತಿರುಗಿಸಿ ನೋಡಿ, ‘ಮೇ ಕಾಸ್ ಡ್ರೌಸಿನೆಸ್’ ಅಂತ ಇರುತ್ತದೆ. ಮೈಟ್ ಅಂತ ಅಚ್ಚು ಹಾಕಿದ್ದನ್ನು ನಾನಂತೂ ಕಂಡಿಲ್ಲ. ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುವಾಗ ‘ಐ ಮೈಟ್ ಬಿ ಲೇಟ್’ ಅನ್ನಿ, ಸಾಕು.

ಆದರೆ ಒಂದು ಜಾಗದಲ್ಲಿ ವ್ಯತ್ಯಾಸ ದೊಡ್ಡದಿದೆ, ಅದನ್ನು ಯಾವ ಟೇಬಲ್ಲೂ ಹೇಳುವುದಿಲ್ಲ. ಹೈವೇಯಲ್ಲಿ ಬೈಕ್ ಅಪಘಾತವಾಗಿ ಒಬ್ಬ ತೀರಿಕೊಂಡ ಅಂತಿಟ್ಟುಕೊಳ್ಳಿ. ಹೆಲ್ಮೆಟ್ ಹಾಕಿದ್ದರೆ ಉಳಿಯುತ್ತಿದ್ದನೇನೋ ಅಂತ ನೀವು ಬರೆಯಬೇಕು. ‘ಹಿ ಮೈಟ್ ಹ್ಯಾವ್ ಸರ್ವೈವ್ಡ್’ ಅಂದರೆ ಆ ಅರ್ಥ ಬಂತು. ಉಳಿಯಬಹುದಿತ್ತು, ಉಳಿಯಲಿಲ್ಲ. ‘ಹಿ ಮೇ ಹ್ಯಾವ್ ಸರ್ವೈವ್ಡ್’ ಅಂದರೋ? ಉಳಿದಿರಬಹುದು, ನಮಗಿನ್ನೂ ಖಚಿತವಿಲ್ಲ. ಮನೆಯವರು ಆಸ್ಪತ್ರೆಗೆ ಓಡಿ ವಿಚಾರಿಸಬೇಕಾದ ವಾಕ್ಯ ಅದು. ಇಂಗ್ಲಿಷ್ ಪತ್ರಿಕೆಗಳೂ ಎಷ್ಟೋ ಸಲ ಇಲ್ಲಿ ಕಲಸಿಬಿಡುತ್ತವೆ. ನೀವು ಕಲಸಬೇಡಿ. ಆಗಬಹುದಿತ್ತು, ಆಗಲಿಲ್ಲ ಅನ್ನುವ ಮಾತಿಗೆ ಮೈಟ್ ಹ್ಯಾವ್, ಇಲ್ಲವೇ ಕುಡ್ ಹ್ಯಾವ್.

ಈಗ ಕ್ಯಾನ್. ನಮ್ಮವರು ಮೈಟ್ ಕಂಡರೆ ಹೆದರುತ್ತಾರೆ, ಕ್ಯಾನ್ ಮಾತ್ರ ಎಲ್ಲಿ ಬೇಕಾದರೂ ಹಾಕುತ್ತಾರೆ. ‘ಇಟ್ ಕ್ಯಾನ್ ರೈನ್ ಟುನೈಟ್’ ಅಂತಾರೆ. ಕನ್ನಡದ ‘ಬಹುದು’ ಮಳೆಗೂ ಆಗುತ್ತದೆ, ಒಳಗೆ ಬರೋಕೂ ಆಗುತ್ತದೆ, ಹರಿಹರಕ್ಕೆ ಬಸ್ಸಿನಲ್ಲಿ ಹೋಗೋಕೂ ಆಗುತ್ತದೆ, ಅದಕ್ಕೆ. ಪ್ರಶ್ನೆ ಬಂದಿರುವುದು ಹಿರಿಯೂರಿನಿಂದ ಆದ್ದರಿಂದ ಮಾರಿಕಣಿವೆಯನ್ನೇ ತಗೊಳ್ಳೋಣ. ಅಲ್ಲಿನ ಅಣೆಕಟ್ಟು ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷ ಬಿಟ್ಟು. ಆ ನಡುವಿನ ಯಾವುದೇ ವರ್ಷದಲ್ಲಿ ‘ದಿ ಡ್ಯಾಮ್ ಕ್ಯಾನ್ ಓವರ್‌ಫ್ಲೋ’ ಅಂದಿದ್ದರೆ ಸರಿಯಾದ ಮಾತೇ. ಒಮ್ಮೆ ಆಗಿದೆ, ಅಂಥದ್ದು ಆಗುವ ಅಣೆಕಟ್ಟು ಅದು. ಆದರೆ ಈ ಮಳೆಗಾಲದಲ್ಲಿ ತುಂಬುತ್ತೋ ಇಲ್ವೋ ಅನ್ನುವ ಮಾತಿಗೆ ‘ಇಟ್ ಮೈಟ್ ಓವರ್‌ಫ್ಲೋ ದಿಸ್ ಇಯರ್’ ಅನ್ನಬೇಕು. ಮೇ ನಡೆಯುತ್ತದೆ, ಕುಡ್ ಕೂಡ ನಡೆಯುತ್ತದೆ, ಕ್ಯಾನ್ ನಡೆಯುವುದಿಲ್ಲ. ಸಾಮಾನ್ಯವಾಗಿ ಆಗುವಂಥದ್ದಕ್ಕೆ ಕ್ಯಾನ್. ಈ ಸಲ, ಈ ದಿನ, ಈ ಒಬ್ಬರ ವಿಷಯಕ್ಕೆ ಮೇ, ಮೈಟ್, ಕುಡ್.

ಕುಡ್ ಹಾಕುವಾಗ ಒಂದು ಎಚ್ಚರಿಕೆ. ನಾಟ್ ಸೇರಿದರೆ ದಾರಿ ಬೇರೆಯಾಗುತ್ತದೆ. ‘ಶಿ ಮೈಟ್ ನಾಟ್ ಕಮ್’ ಅಂದರೆ ಬರದೇ ಇರಬಹುದು. ‘ಶಿ ಕುಡ್ ನಾಟ್ ಕಮ್’ ಅಂದರೆ ಬರೋಕೆ ಆಗಲಿಲ್ಲ, ಕಥೆ ಮುಗೀತು. ಮದುವೆ ಊಟದ ಲೆಕ್ಕ ಹಾಕುವವರಿಗೆ ಇದು ಗೊತ್ತಿರಬೇಕು.

ಸರ್ಕಾರಿ ನೋಟಿಫಿಕೇಶನ್ ಓದುವವರಿಗೆ ಎರಡು ಮಾತು. ‘ದಿ ಅಥಾರಿಟಿ ಮೇ ಕ್ಯಾನ್ಸಲ್ ದಿ ಕ್ಯಾಂಡಿಡೇಚರ್’ ಅಂತ ಇದ್ದರೆ, ‘ರದ್ದು ಮಾಡ್ತಾರೋ ಏನೋ’ ಅಂತ ಓದಬೇಡಿ. ರದ್ದು ಮಾಡುವ ಅಧಿಕಾರ ಅವರ ಕೈಯಲ್ಲಿದೆ ಅಂತ ಓದಿ. ನಿಯಮದ ಭಾಷೆಯಲ್ಲಿ ಮೇ ಸಾಮಾನ್ಯವಾಗಿ ಅನುಮತಿ ಅಥವಾ ಅಧಿಕಾರದ ಪದ. ಅಂತಾರಾಷ್ಟ್ರೀಯ ಮಾನದಂಡಗಳನ್ನು ಮಾಡುವ ಐಎಸ್‌ಒ ಇದನ್ನು ಬರೆದೇ ಇಟ್ಟಿದೆ. ಶಲ್ ಅಂದರೆ ಕಡ್ಡಾಯ, ಶುಡ್ ಅಂದರೆ ಶಿಫಾರಸು, ಮೇ ಅಂದರೆ ಅನುಮತಿ, ಸಾಧ್ಯತೆಗೆ ಕ್ಯಾನ್. ಅಲ್ಲಿ ಮೈಟ್‌ಗೆ ಜಾಗವೇ ಕೊಟ್ಟಿಲ್ಲ. ಅನುಮಾನದ ಮೇಲೆ ನಿಯಮ ಬರೆಯೋಕಾಗಲ್ವಲ್ಲ.

ಇಷ್ಟು ಹೇಳಿದ ಮೇಲೆ ಕ್ಲಾಸಿನಲ್ಲಾದರೆ ಹಿಂದಿನ ಬೆಂಚಿನಿಂದ ‘ಎಷ್ಟು ಪರ್ಸೆಂಟ್ ಮೇಡಂ?’ ಅಂತ ಒಂದು ದನಿ ಬರುತ್ತದೆ. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮಸ್ಟ್ 95, ಮೇ 50, ಮೈಟ್ 30 ಅಂತ ವಾಟ್ಸಾಪಿನಲ್ಲಿ ಒಂದು ಚಾರ್ಟ್ ತಿರುಗುತ್ತಿರುತ್ತದೆ. ಇಂಗ್ಲಿಷ್ ಮಾತಾಡುವ ಯಾರೂ ಹಾಗೆ ಲೆಕ್ಕ ಹಾಕಿ ಮಾತಾಡುವುದಿಲ್ಲ. 1951ರಲ್ಲಿ ಅಮೆರಿಕದ ಗುಪ್ತಚರ ವರದಿಯೊಂದು ಯುಗೊಸ್ಲಾವಿಯಾದ ಮೇಲೆ ದಾಳಿ ಆಗುವ ‘ಸೀರಿಯಸ್ ಪಾಸಿಬಿಲಿಟಿ’ ಇದೆ ಅಂದಿತು. ಎಷ್ಟು ಸಾಧ್ಯತೆ ಅಂತ ಶೆರ್ಮನ್ ಕೆಂಟ್ ಅನ್ನುವ ಅಧಿಕಾರಿಯನ್ನು ಕೇಳಿದರೆ, ಅವರ ಮನಸ್ಸಿನಲ್ಲಿ ಇದ್ದದ್ದು 65ಕ್ಕೆ 35. ಅದೇ ವರದಿಯನ್ನು ಜೊತೆಗೆ ಕೂತು ಒಪ್ಪಿದ ಸಹೋದ್ಯೋಗಿಗಳನ್ನು ವಿಚಾರಿಸಿದರೆ ಒಬ್ಬರದು 20, ಇನ್ನೊಬ್ಬರದು 80. ಪದ ಒಂದೇ, ಲೆಕ್ಕ ಮಾತ್ರ ತಲೆಗೊಂದು.

ನಿಜವಾಗಿ ಅಂಕಿ ಬೇಕಾದವರು ಮೇ, ಮೈಟ್ ಬಿಟ್ಟು ಬೇರೆ ಪದ ಹಿಡಿಯುತ್ತಾರೆ, ಅದರ ಅಳತೆಯನ್ನೂ ಮೊದಲೇ ಹೇಳಿಬಿಡುತ್ತಾರೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ‘ಲೈಕ್ಲಿ’ ಅಂತ ಬರೆದರೆ ಶೇಕಡಾ 66ರಿಂದ 100, ‘ವೆರಿ ಲೈಕ್ಲಿ’ ಅಂದರೆ 90ರಿಂದ 100. ನಮ್ಮ ಹವಾಮಾನ ಇಲಾಖೆಯ ‘ಐಸೊಲೇಟೆಡ್’, ‘ಸ್ಕ್ಯಾಟರ್ಡ್’ ಪದಗಳಿಗೂ ಅಳತೆ ಇದೆ. ಆದರೆ ಅದು ಸಾಧ್ಯತೆಯ ಅಳತೆಯಲ್ಲ, ಜಾಗದ ಅಳತೆ. ಐಸೊಲೇಟೆಡ್ ಅಂದರೆ ಆ ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ಶೇಕಡಾ 25ರವರೆಗೆ, ಸ್ಕ್ಯಾಟರ್ಡ್ ಅಂದರೆ 26ರಿಂದ 50. ಹೊಳಲ್ಕೆರೆಯಲ್ಲಿ ಮಳೆ ಸುರಿದು ಚಳ್ಳಕೆರೆಯಲ್ಲಿ ಸುಡುಬಿಸಿಲಿದ್ದ ದಿನ ‘ಐಸೊಲೇಟೆಡ್ ರೈನ್’ ಅಂದಿದ್ದ ಬುಲೆಟಿನ್ ಸುಳ್ಳಾಗಿರುವುದಿಲ್ಲ.