ಅರಗಿನ ಪ್ಲೇಟಿನಲ್ಲಿ ಉಳಿದ ದನಿ: ಹಳೆಯ ಬ್ಲೂಸ್, ಜಾಝ್ ಸಂಕಲನದ ಕೆಲಸ

ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಬ್ಲೂಸ್ ಮತ್ತು ಜಾಝ್ ಸಂಗೀತದ ಆರಂಭಕಾಲದ ಧ್ವನಿಮುದ್ರಣಗಳ ಸಂಕಲನವೊಂದನ್ನು ಸಿದ್ಧಪಡಿಸುತ್ತಿದ್ದೇನೆ ಎಂದಾಗ ಹೆಚ್ಚಿನವರು ಮೊದಲು ವಿಚಾರಿಸುವುದು ಹಾಡುಗಳ ಪಟ್ಟಿಯನ್ನು. ಈ ಸಂಗೀತದ ಪರಿಚಯವಿರುವ ಯಾರೇ ಆದರೂ ಒಂದು ಸಂಜೆ ಕುಳಿತು ಐವತ್ತು ಮುದ್ರಣಗಳ ಹೆಸರನ್ನು ಬರೆದುಬಿಡಬಹುದು, ಮತ್ತು ಆ ಐವತ್ತರಲ್ಲಿ ಮೂವತ್ತರಷ್ಟು ಎಲ್ಲರ ಪಟ್ಟಿಯಲ್ಲೂ ಒಂದೇ ಆಗಿರುತ್ತವೆ. ಕಷ್ಟ ಇರುವುದು ಅದರಾಚೆಗೆ. ಒಂದು ಹಾಡು ಉಳಿದುಬಂದಿರುವ ಗ್ರಾಮಫೋನ್ ಪ್ಲೇಟುಗಳ ಪೈಕಿ ಯಾವುದನ್ನು ನುಡಿಸಬೇಕು, ಅದನ್ನು ಎಷ್ಟು ವೇಗದಲ್ಲಿ ತಿರುಗಿಸಬೇಕು, ಅದರ ನಡುವೆ ಅಂಟಿಸಿದ ಚೀಟಿಯ ಮೇಲಿನ ಹೆಸರನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆಗಳಲ್ಲಿಯೇ ನಮ್ಮ ತಿಂಗಳುಗಳು ಕಳೆಯುತ್ತವೆ. ಕೇಳುಗರಿಗೆ ತಲುಪುವ ಸಂಗೀತ ನಿರ್ಧಾರವಾಗುವುದು ಈ ಹಂತದಲ್ಲಿ ಎಂಬುದು ಹಳೆಯ ಪ್ಲೇಟುಗಳ ದನಿಯನ್ನು ವರ್ಗಾಯಿಸುವುದನ್ನೇ ವೃತ್ತಿಯಾಗಿಸಿಕೊಂಡ ನನ್ನ ಅನುಭವ.

ನಾವು ಆರಿಸಿಕೊಂಡ ಅವಧಿ 1920ರಿಂದ 1932. ಆರಂಭದ ಗಡಿ 1920ರ ಆಗಸ್ಟ್ 10, ಅಂದರೆ ನ್ಯೂಯಾರ್ಕಿನಲ್ಲಿ ಕಪ್ಪು ಗಾಯಕಿ ಮೇಮಿ ಸ್ಮಿತ್ ಅವರು ಓಕೆ ಎಂಬ ಪ್ಲೇಟು ಕಂಪನಿಗಾಗಿ 'ಕ್ರೇಝಿ ಬ್ಲೂಸ್' ಹಾಡಿದ ದಿನ. ಜಾಝ್ ಎಂಬ ಹೆಸರಿನ ಪ್ಲೇಟುಗಳು 1917ರಲ್ಲಿಯೇ ಬಂದಿದ್ದವು, ಆದರೆ ಅವು ಬಿಳಿಯ ವಾದಕರ ತಂಡವೊಂದರವು. ಕಪ್ಪು ಜನರು ತಮ್ಮ ಸಂಗೀತದ ಪ್ಲೇಟುಗಳನ್ನು ಕೊಳ್ಳುತ್ತಾರೆ ಎಂಬುದನ್ನು ಕಂಪನಿಗಳು ಅರಿತದ್ದು ಮೇಮಿ ಸ್ಮಿತ್ ಅವರ ಯಶಸ್ಸಿನ ನಂತರ. ಕೊನೆಯ ಗಡಿ, ಆರ್ಥಿಕ ಕುಸಿತಕ್ಕೆ ಸಿಲುಕಿದ ಪ್ಯಾರಮೌಂಟ್ ಕಂಪನಿ ಮುದ್ರಣವನ್ನು ನಿಲ್ಲಿಸಿದ ವರ್ಷ.

ಆಯ್ಕೆ ಎಂದರೆ ಏನೆಂಬುದನ್ನು ವಿವರಿಸಲು ನಾನು ಪ್ರತಿಸಲವೂ ಕೊಡುವ ಉದಾಹರಣೆ ಜಾಝ್ ತಂಡದ ನಾಯಕ ಕಿಂಗ್ ಆಲಿವರ್ ಅವರ 'ಡಿಪರ್‌ಮೌತ್ ಬ್ಲೂಸ್'. ಅವರ ತಂಡ ಇದನ್ನು 1923ರಲ್ಲಿ ಎರಡು ಬಾರಿ ಮುದ್ರಿಸಿತು: ಏಪ್ರಿಲ್‌ನಲ್ಲಿ ಇಂಡಿಯಾನಾ ರಾಜ್ಯದ ರಿಚ್ಮಂಡ್ ಊರಿನಲ್ಲಿ ಜೆನೆಟ್ ಕಂಪನಿಗೆ, ಜೂನ್‌ನಲ್ಲಿ ಶಿಕಾಗೋದಲ್ಲಿ ಓಕೆ ಕಂಪನಿಗೆ. ಜೆನೆಟ್ ಎಂಬುದು ಪಿಯಾನೋ ತಯಾರಿಸುವ ಕಾರ್ಖಾನೆಯೊಂದರ ಅಂಗವಾಗಿತ್ತು. ಅದರ ಮುದ್ರಣ ಕೊಠಡಿ ರೈಲು ಹಳಿಯ ಪಕ್ಕದಲ್ಲಿದ್ದುದರಿಂದ ರೈಲು ಬಂದಾಗಲೆಲ್ಲ ಕೆಲಸ ನಿಲ್ಲಿಸಬೇಕಾಗುತ್ತಿತ್ತು. (ಇದೇ ಜೆನೆಟ್ ಅದೇ ವರ್ಷಗಳಲ್ಲಿ ಹಣ ಪಡೆದು, ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನವರ ಪ್ಲೇಟುಗಳನ್ನೂ ಒತ್ತಿಕೊಡುತ್ತಿತ್ತು ಎಂಬುದನ್ನು ಸಂಕಲನದ ಪುಸ್ತಿಕೆಯಲ್ಲಿ ಹೇಳಲೇಬೇಕೆಂದು ನಾನು ಹಠ ಹಿಡಿದಿದ್ದೇನೆ.) ಆಗ ಮೈಕ್ರೋಫೋನ್ ಇರಲಿಲ್ಲ. ವಾದಕರೆಲ್ಲರೂ ದೊಡ್ಡ ಕಹಳೆಯೊಂದರ ಬಾಯಿಯೆದುರು ನಿಂತು ನುಡಿಸಬೇಕಾಗಿತ್ತು, ಆ ಗಾಳಿಯ ಕಂಪನವೇ ನೇರವಾಗಿ ಮೇಣದ ಮೇಲೆ ಗೀರು ಕೊರೆಯುತ್ತಿತ್ತು. ಎರಡನೆಯ ಕಾರ್ನೆಟ್ (ತುತ್ತೂರಿಯಂಥ ಊದುವಾದ್ಯ) ನುಡಿಸುತ್ತಿದ್ದ ಇಪ್ಪತ್ತೊಂದರ ಹರೆಯದ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ನಾದ ಎಷ್ಟು ಬಲವಾಗಿತ್ತೆಂದರೆ ಅವರನ್ನು ಎಲ್ಲರಿಗಿಂತ ಹಿಂದೆ, ದೂರದಲ್ಲಿ ನಿಲ್ಲಿಸಬೇಕಾಯಿತು ಎಂದು ಪಿಯಾನೋ ನುಡಿಸಿದ ಲಿಲ್ ಹಾರ್ಡಿನ್ ಮುಂದೆ ನೆನಪಿಸಿಕೊಂಡಿದ್ದಾರೆ. ದೊಡ್ಡ ಡೋಲಿನ ಪೆಟ್ಟಿಗೆ ಕೊರೆಯುವ ಮೊನೆ ಹಾರುವ ಭಯವಿದ್ದುದರಿಂದ ತಂಡದ ಡೋಲು ವಾದಕ ಬೇಬಿ ಡಾಡ್ಸ್ ಬಹುಪಾಲು ಮರದ ತುಂಡುಗಳ ಮೇಲೆಯೇ ತಾಳ ಹಿಡಿದರು.

ಓಕೆ ಮುದ್ರಣ ಇದಕ್ಕಿಂತ ಸ್ಪಷ್ಟವಾಗಿದೆ, ಅದರ ಪ್ಲೇಟಿನ ಒತ್ತುವಿಕೆಯೂ ಉತ್ತಮವಾದುದು. ಹಾಗಿದ್ದರೂ ನಾನು ಜೆನೆಟ್ ಮುದ್ರಣವನ್ನು ಆರಿಸಿದೆ. ಆಲಿವರ್ ಅವರು ಕಾರ್ನೆಟ್ಟಿನ ಬಾಯಿಯನ್ನು ಮುಚ್ಚಿ ತೆರೆದು ಅದನ್ನು ಮಾತನಾಡಿಸುವಂತೆ ನುಡಿಸುವ ಮೂರು ಆವರ್ತಗಳು ಅಲ್ಲಿ ಇನ್ನೂ ಹೊಸತಾಗಿವೆ; ನೃತ್ಯಶಾಲೆಯಲ್ಲಿ ನುಡಿಸುತ್ತಿದ್ದ ತಂಡವೊಂದು ಅಪರಿಚಿತ ಕೊಠಡಿಯಲ್ಲಿ ಒಬ್ಬರನ್ನೊಬ್ಬರು ಆಲಿಸಿ ಹಿಡಿದು ನಿಲ್ಲುವ ಬಗೆಯೂ ಕೇಳಿಸುತ್ತದೆ. ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರು ಇದನ್ನು ಇಂದಿಗೂ ಒಪ್ಪಿಲ್ಲ, ಅವರ ವಾದದಲ್ಲಿಯೂ ಹುರುಳಿದೆ.

ಯಾವ ಮುದ್ರಣವೆಂಬುದು ತೀರ್ಮಾನವಾದ ಮೇಲೆ ಅದರ ಯಾವ ಪ್ರತಿ ಎಂಬ ಪ್ರಶ್ನೆ ಏಳುತ್ತದೆ. ಮೇಣದಿಂದ ತೆಗೆದ ಲೋಹದ ಅಚ್ಚು ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ಆಕರವಿಲ್ಲ. ವಿಕ್ಟರ್, ಕೊಲಂಬಿಯಾದಂಥ ದೊಡ್ಡ ಕಂಪನಿಗಳ ಕೆಲವು ಅಚ್ಚುಗಳು ಹಾಗೆ ಉಳಿದಿವೆ. ಪ್ಯಾರಮೌಂಟ್‌ನ ಕಥೆ ಬೇರೆ. ಅದು ವಿಸ್ಕಾನ್ಸಿನ್ ರಾಜ್ಯದ ಕುರ್ಚಿ ತಯಾರಕರು ನಡೆಸುತ್ತಿದ್ದ ಕಂಪನಿ. ಮಾ ರೇನಿ, ಬ್ಲೈಂಡ್ ಲೆಮನ್ ಜೆಫರ್ಸನ್, ಚಾರ್ಲಿ ಪ್ಯಾಟನ್, ಸನ್ ಹೌಸ್, ಸ್ಕಿಪ್ ಜೇಮ್ಸ್, ಗೀಶಿ ವೈಲಿ ಇವರೆಲ್ಲರ ದನಿ ಉಳಿದಿರುವುದು ಆ ಕಂಪನಿಯ ಪ್ಲೇಟುಗಳಲ್ಲಿ, ಆದರೆ ಅದರ ಅಚ್ಚುಗಳಲ್ಲಿ ಬಹುಪಾಲು ಗುಜರಿಗೆ ಹೋದವು ಮತ್ತು ಅದು ಪ್ಲೇಟಿಗೆ ಬಳಸಿದ ಮಿಶ್ರಣ ಅಂದಿನ ಅಗ್ಗದ ಮಿಶ್ರಣಗಳಲ್ಲಿ ಒಂದು. ಹೀಗಾಗಿ ಮಿಸಿಸಿಪ್ಪಿಯ ಬ್ಲೂಸ್‌ನ ಅತ್ಯಮೂಲ್ಯ ಭಾಗವನ್ನು ಅತ್ಯಂತ ಗದ್ದಲದ ಪ್ಲೇಟುಗಳಿಂದಲೇ ಎತ್ತಬೇಕಾಗಿದೆ. ಕೆಲವು ಮುದ್ರಣಗಳ ಪ್ರತಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಇವೆ. ವಿಲ್ಲಿ ಬ್ರೌನ್ ಅವರ ಪ್ಲೇಟೊಂದರ ಒಂದು ಪ್ರತಿಯೂ ಈವರೆಗೆ ಸಿಕ್ಕಿಲ್ಲ.

ಈ ಪ್ಲೇಟುಗಳು ಏಕೆ ಇಷ್ಟು ವಿರಳವಾದವು ಎಂಬುದಕ್ಕೆ ನಮ್ಮ ದೇಶದೊಂದಿಗೂ ಸಂಬಂಧವಿದೆ. ಅವುಗಳನ್ನು ಬಂಧಿಸಿ ಹಿಡಿದಿರುವ ವಸ್ತು ಅರಗು. ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳಲ್ಲಿ ಅರಗಿನ ಹುಳು ಕಟ್ಟುವ ಅಂಟು ಅದು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣದ ಹೊಳಪು ಬರುವುದೂ ಅದರಿಂದಲೇ. ಛೋಟಾ ನಾಗಪುರದ ಕಡೆಯ ಕಾಡುಗಳಿಂದ ಕಲಕತ್ತೆಯ ಬಂದರಿನ ಮೂಲಕ ಹೋದ ಅರಗಿಗೆ ಕಲ್ಲಿನ ಪುಡಿ, ಹತ್ತಿಯ ಎಳೆ ಮತ್ತು ಮಸಿಯನ್ನು ಬೆರೆಸಿ ಅಮೆರಿಕದಲ್ಲಿ ಪ್ಲೇಟುಗಳನ್ನು ಒತ್ತುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಆ ಹಡಗುಗಳಿಗೆ ಅಡ್ಡಿಯಾದಾಗ ಅಮೆರಿಕ ಸರ್ಕಾರ 1942ರಲ್ಲಿ ಪ್ಲೇಟು ತಯಾರಿಕೆಗೆ ಅರಗಿನ ಬಳಕೆಯನ್ನು ಬಹಳವಾಗಿ ಕಡಿತಗೊಳಿಸಿತು, ಕಂಪನಿಗಳು ಮನೆಮನೆಯ ಹಳೆಯ ಪ್ಲೇಟುಗಳನ್ನು ಕೊಂಡು ಕರಗಿಸಿ ಹೊಸ ಪ್ಲೇಟುಗಳಿಗೆ ಬಳಸಿದವು. ಹಾಗೆ ಕರಗಿಹೋದದ್ದರಲ್ಲಿ ಏನೇನಿತ್ತೋ ಎಂಬ ಯೋಚನೆ ಪ್ರತಿಯೊಂದು ಪ್ಲೇಟನ್ನು ತೊಳೆಯುವಾಗಲೂ ನನ್ನನ್ನು ಕಾಡುತ್ತದೆ. ತೊಳೆಯುವ ಮಾತು ಬಂದದ್ದರಿಂದ, ಮನೆಯಲ್ಲಿ ಹಳೆಯ ಪ್ಲೇಟುಗಳನ್ನು ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ: ಅವುಗಳಿಗೆ ಸ್ಪಿರಿಟ್ ಅಥವಾ ಆಲ್ಕೋಹಾಲ್ ಇರುವ ಯಾವ ದ್ರವವನ್ನೂ ತಾಗಿಸಬಾರದು, ಏಕೆಂದರೆ ಅರಗು ಅದರಲ್ಲಿ ಕರಗುತ್ತದೆ. ಬಟ್ಟಿ ಇಳಿಸಿದ ನೀರು, ಅದರಲ್ಲಿ ಒಂದೆರಡು ಹನಿ ಸೌಮ್ಯ ಸಾಬೂನು ದ್ರವ, ಮೃದುವಾದ ಬ್ರಷ್ ಸಾಕು.

ಪ್ಲೇಟು ನುಡಿಸುವ ಮುಳ್ಳಿನ ವಿಷಯದಲ್ಲಿ ನಡೆಯುವಷ್ಟು ತಪ್ಪು ಬೇರೆಲ್ಲೂ ನಡೆಯುವುದಿಲ್ಲ. ಎಲ್‌ಪಿ ಪ್ಲೇಟಿನ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 0.025 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ. ಹಳೆಯ ಪ್ಲೇಟುಗಳ ಗೀರಿಗೆ 0.05ರಿಂದ 0.1 ಮಿಲಿಮೀಟರ್‌ವರೆಗಿನ ಬೇರೆ ಬೇರೆ ತುದಿಗಳು ಬೇಕು. ಸಣ್ಣ ಮುಳ್ಳು ಗೀರಿನ ತಳಕ್ಕೆ ಇಳಿದು ಅಲ್ಲಿನ ಕೊಳೆಯನ್ನೇ ಓದುತ್ತದೆ. ಅಂದಿನ ಗ್ರಾಮಫೋನುಗಳ ಭಾರವಾದ ಉಕ್ಕಿನ ಮುಳ್ಳು ಗೀರಿನ ಗೋಡೆಯನ್ನು ಒಂದು ಎತ್ತರದಲ್ಲಿ ಸವೆಸಿರುವುದರಿಂದ, ಅದಕ್ಕಿಂತ ಕೊಂಚ ಮೇಲೆ ಅಥವಾ ಕೆಳಗೆ ಕೂರುವ ತುದಿಯನ್ನು ಹುಡುಕಿದರೆ ಸವೆಯದ ಭಾಗದಲ್ಲಿ ಹಾಡು ತಾಜಾ ಆಗಿ ಉಳಿದಿರುವುದು ಸಿಗುತ್ತದೆ. ಆರು ತುದಿಗಳನ್ನು ಹಾಕಿ ನೋಡಿ ಏಳನೆಯದರಲ್ಲಿ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಅವರ ದನಿ ಇದ್ದಕ್ಕಿದ್ದಂತೆ ಕೊಠಡಿಯೊಳಕ್ಕೆ ಬಂದು ನಿಂತ ದಿನವನ್ನು ನಾನು ಮರೆತಿಲ್ಲ. ಇನ್ನು ಇಂದಿನ ಆಂಪ್ಲಿಫೈಯರುಗಳಲ್ಲಿರುವ, ಮೇಲಿನ ಮತ್ತು ಕೆಳಗಿನ ಕಂಪನಗಳ ಪ್ರಮಾಣವನ್ನು ಸರಿದೂಗಿಸುವ ಸಿದ್ಧ ಹೊಂದಾಣಿಕೆ 1950ರ ದಶಕದ ನಡುವೆ ಬಳಕೆಗೆ ಬಂದದ್ದು. ಅದು ಮೇಲಿನ ಕಂಪನಗಳನ್ನು ತಗ್ಗಿಸುತ್ತ ಹೋಗಿ 10,000 ಹರ್ಟ್ಸ್‌ನಲ್ಲಿ ಸುಮಾರು 14 ಡೆಸಿಬಲ್ ಕಡಿಮೆ ಮಾಡುತ್ತದೆ. 1925ಕ್ಕೆ ಮುಂಚಿನ ಕಹಳೆಯ ಮುದ್ರಣಗಳಿಗೆ ಅದನ್ನು ಅನ್ವಯಿಸಿದರೆ ಗಾಯಕಿ ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ.

ವೇಗದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. '78' ಎಂಬ ಹೆಸರೇ ರೂಢಿಯಾಗಿದ್ದರೂ ಆ ದಶಕದಲ್ಲಿ ಎಲ್ಲ ಪ್ಲೇಟುಗಳನ್ನೂ ನಿಮಿಷಕ್ಕೆ 78 ಸುತ್ತಿನಲ್ಲಿ ಕೊರೆಯುತ್ತಿರಲಿಲ್ಲ. ಕೊಲಂಬಿಯಾ ತನ್ನ ಪ್ಲೇಟುಗಳಿಗೆ 80 ಎಂದು ಸೂಚಿಸುತ್ತಿತ್ತು, ಬೇರೆ ಕಡೆ ಅದಕ್ಕಿಂತ ಕೆಳಗೂ ಮೇಲೂ ಇರುತ್ತಿತ್ತು. 74 ಸುತ್ತಿನಲ್ಲಿ ಕೊರೆದ ಪ್ಲೇಟನ್ನು 78ರಲ್ಲಿ ನುಡಿಸಿದರೆ ಶ್ರುತಿ ಹೆಚ್ಚುಕಡಿಮೆ ಹಾರ್ಮೋನಿಯಂನ ಪಕ್ಕದ ಮನೆಗೆ ಏರುತ್ತದೆ, ಅದರೊಂದಿಗೆ ಲಯವೂ ಅವಸರಗೊಳ್ಳುತ್ತದೆ, ದನಿಯ ವಯಸ್ಸೂ ಇಳಿಯುತ್ತದೆ. ಜಾಝ್ ತಂಡಗಳ ವಿಷಯದಲ್ಲಿ ಇದನ್ನು ಸರಿಪಡಿಸಲು ಆಧಾರವಿದೆ: ಕಾರ್ನೆಟ್, ಕ್ಲಾರಿನೆಟ್ ವಾದಕರಿಗೆ ಅನುಕೂಲವಾದ ಶ್ರುತಿಗಳು ಕೆಲವೇ, ಪಿಯಾನೋವನ್ನು ಮನಬಂದಂತೆ ಏರಿಸಿ ಇಳಿಸಲಾಗುವುದಿಲ್ಲ. ಒಬ್ಬಂಟಿಯಾಗಿ ಗಿಟಾರ್ ಹಿಡಿದು ಹಾಡುವ ಬ್ಲೂಸ್ ಗಾಯಕ ತಂತಿಗಳನ್ನು ತನ್ನ ಕಂಠಕ್ಕೆ ಹೊಂದಿಸಿಕೊಂಡಿರುತ್ತಾನೆ, ಅಲ್ಲಿ ಅಂಥ ಆಧಾರ ಸಿಗದು. ಅದೇ ದಿನ ಅದೇ ಯಂತ್ರದಲ್ಲಿ ಮುದ್ರಿತವಾದ ಇತರರ ಹಾಡುಗಳೊಂದಿಗೆ ಹೋಲಿಸಿ, ಮಾತಿನ ಸಹಜ ಗತಿಯನ್ನು ಗಮನಿಸಿ ಒಂದು ನಿರ್ಧಾರಕ್ಕೆ ಬರಬೇಕಾಗುತ್ತದೆ. ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಅವರ 1936–37ರ ಮುದ್ರಣಗಳೆಲ್ಲವೂ ತುಂಬ ವೇಗವಾಗಿ ಕೇಳಿಸುತ್ತಿವೆ, ಅವನ್ನು ನಿಧಾನಗೊಳಿಸಬೇಕು ಎಂಬ ವಾದವೊಂದು ಬಹಳ ಪ್ರಚಾರ ಪಡೆಯಿತು. ಏಳು ತಿಂಗಳ ಅಂತರದಲ್ಲಿ, ಸ್ಯಾನ್ ಆಂಟೋನಿಯೊ ಮತ್ತು ಡಲ್ಲಾಸ್ ಎಂಬ ಎರಡು ಊರುಗಳಲ್ಲಿ ನಡೆದ ಮುದ್ರಣಗಳಲ್ಲಿ ಒಂದೇ ಬಗೆಯ ತಪ್ಪು ಆಗಿರಬೇಕೆನ್ನುವ ಆ ವಾದವನ್ನು ನಾನು ಒಪ್ಪುವುದಿಲ್ಲ.

ಹೆಸರುಗಳ ಗೋಜಲು ಬಿಡಿಸುವುದು ನನಗೆ ಪ್ರಿಯವಾದ ಕೆಲಸ. ಚಾರ್ಲಿ ಪ್ಯಾಟನ್ ಅವರ ಒಂದು ಪ್ಲೇಟನ್ನು ಪ್ಯಾರಮೌಂಟ್ 1929ರಲ್ಲಿ 'ಮುಖವಾಡದ ಅದ್ಭುತ' ಎಂಬ ಅರ್ಥದ ಹೆಸರಿನಲ್ಲಿ ಬಿಡುಗಡೆ ಮಾಡಿ, ಹಾಡಿದವರು ಯಾರೆಂದು ಊಹಿಸಿದವರಿಗೆ ಮತ್ತೊಂದು ಪ್ಲೇಟನ್ನು ಬಹುಮಾನವಾಗಿ ಕೊಡುವುದಾಗಿ ಸಾರಿತು. ಅವರ ಭಕ್ತಿಗೀತೆಗಳು ಎಲ್ಡರ್ ಜೆ. ಜೆ. ಹ್ಯಾಡ್ಲಿ ಎಂಬ ಹೆಸರಿನಲ್ಲಿ ಬಂದವು. ಪ್ಯಾರಮೌಂಟ್‌ನೊಂದಿಗೆ ಒಪ್ಪಂದವಿದ್ದ ಅಲ್ಬರ್ಟಾ ಹಂಟರ್ 1924ರಲ್ಲಿ ಜೆನೆಟ್‌ಗೆ ಹಾಡಿದಾಗ ಚೀಟಿಯ ಮೇಲೆ ಅಚ್ಚಾದದ್ದು ಜೋಸೆಫಿನ್ ಬೀಟಿ ಎಂಬ ಹೆಸರು. ಇಂಥ ಕಡೆ ನಮಗೆ ದಾರಿ ತೋರುವುದು ಚೀಟಿಯ ಸುತ್ತಲಿನ ಖಾಲಿ ಜಾಗದಲ್ಲಿ ಒತ್ತಿರುವ ಅಚ್ಚಿನ ಸಂಖ್ಯೆ. ಯಾವ ಮೇಣದಿಂದ ಪ್ಲೇಟು ಬಂತು, ಎಷ್ಟನೆಯ ಪ್ರಯತ್ನದ ಹಾಡು ಎಂಬುದನ್ನು ಅನೇಕ ವೇಳೆ ಅದರಿಂದ ತಿಳಿಯಬಹುದು. ಬ್ರಿಟನ್ನಿನ ಬ್ರಯಾನ್ ರಸ್ಟ್ ಅವರು ಜಾಝ್‌ಗೆ, ಡಿಕ್ಸನ್ ಮತ್ತು ಗಾಡ್ರಿಚ್ ಅವರು ಬ್ಲೂಸ್‌ಗೆ ಇಂಥ ಸಂಖ್ಯೆಗಳನ್ನು ವರ್ಷಗಟ್ಟಲೆ ಜೋಡಿಸಿ ಮಾಡಿಕೊಟ್ಟ ಸೂಚಿಗಳಿಲ್ಲದಿದ್ದರೆ ನಮ್ಮ ಕೆಲಸವೇ ಇರುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಕ್ರಮದ ಬಗ್ಗೆ. ಬ್ಲೂಸ್ ಒಂದು ಭಾಗ, ಜಾಝ್ ಇನ್ನೊಂದು ಭಾಗ ಎಂದು ವಿಂಗಡಿಸುವುದು ವಾಡಿಕೆ. ಆದರೆ ನಾವಿಂದು ಸಂಗೀತದ ವರ್ಗಗಳೆಂದು ಭಾವಿಸಿರುವ ಎಷ್ಟೋ ಗಡಿಗಳು ಅಂದಿನ ಮಾರಾಟದ ಪಟ್ಟಿಗಳಿಂದ ಬಂದಂಥವು. ಕಂಪನಿಗಳು ಕಪ್ಪು ಜನರಿಗಾಗಿ 'ರೇಸ್ ರೆಕಾರ್ಡ್ಸ್' ಎಂಬ ಪ್ರತ್ಯೇಕ ಸರಣಿಗಳನ್ನು ಮಾಡಿದ್ದವು, ಓಕೆಯ 8000ದ ಸರಣಿ, ಕೊಲಂಬಿಯಾದ 14000ದ ಸರಣಿ ಹೀಗೆ. ಸಂಗೀತಗಾರರು ಆ ಬೇಲಿಗಳನ್ನು ದಾಟುತ್ತಲೇ ಇದ್ದರು. ಬೆಸ್ಸಿ ಸ್ಮಿತ್ ಅವರ ಪಕ್ಕದಲ್ಲಿ 1925ರ ಜನವರಿಯಲ್ಲಿ ಕಾರ್ನೆಟ್ ನುಡಿಸಿದವರು ಆರ್ಮ್‌ಸ್ಟ್ರಾಂಗ್. ಬ್ಲೂಸ್ ಗಿಟಾರ್ ವಾದಕ ಲಾನಿ ಜಾನ್ಸನ್ 1927ರಲ್ಲಿ ಆರ್ಮ್‌ಸ್ಟ್ರಾಂಗ್ ಅವರ ಹಾಟ್ ಫೈವ್ ತಂಡದೊಂದಿಗೆ ಕುಳಿತರು. ಬಿಳಿಯರಾದ ಎಡ್ಡಿ ಲ್ಯಾಂಗ್ ಅವರು ಇದೇ ಜಾನ್ಸನ್ ಜೊತೆ ನುಡಿಸಿದಾಗ ಬ್ಲೈಂಡ್ ವಿಲ್ಲಿ ಡನ್ ಎಂಬ ಹೆಸರಿನ ಹಿಂದೆ ಅಡಗಬೇಕಾಯಿತು. 1930ರಲ್ಲಿ ಬಿಳಿಯ ಹಳ್ಳಿಗಾಡು ಗಾಯಕ ಜಿಮ್ಮಿ ರಾಜರ್ಸ್ ಅವರ ಹಾಡಿಗೆ ಆರ್ಮ್‌ಸ್ಟ್ರಾಂಗ್ ಮತ್ತು ಲಿಲ್ ಹಾರ್ಡಿನ್ ಸಾಥ್ ನೀಡಿದರೂ ಪ್ಲೇಟಿನ ಮೇಲೆ ಅವರ ಹೆಸರಿಲ್ಲ. ಈ ಕಾರಣದಿಂದ ನಮ್ಮ ಸಂಕಲನವನ್ನು ದಿನಾಂಕದ ಕ್ರಮದಲ್ಲಿ, ಬ್ಲೂಸ್ ಮತ್ತು ಜಾಝ್ ಒಂದರ ಪಕ್ಕದಲ್ಲೊಂದು ಬರುವಂತೆ ಜೋಡಿಸಿದ್ದೇವೆ.

ಹಕ್ಕುಗಳ ಬಗ್ಗೆ ಸಂಕ್ಷಿಪ್ತವಾಗಿ: ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷ. ಅಮೆರಿಕದ 2018ರ ಕಾನೂನಿನಂತೆ 1923ಕ್ಕೆ ಮುಂಚಿನವು 2022ರ ಆರಂಭದಲ್ಲಿ ಮುಕ್ತವಾದವು, 1923ರಿಂದ 1946ರವರೆಗಿನವಕ್ಕೆ 100 ವರ್ಷ. ರಚನೆಯ ಹಕ್ಕು ಇದರಿಂದ ಬೇರೆ.

ಕೊನೆಯದು ಗದ್ದಲವನ್ನು ತೆಗೆಯುವ ಕೆಲಸ. ಟಿಕ್ ಟಿಕ್ ಎನ್ನುವ ಸದ್ದುಗಳನ್ನು ಒಂದೊಂದಾಗಿ ತೆಗೆದರೆ ಸಂಗೀತಕ್ಕೆ ಹಾನಿಯಿಲ್ಲ. ಕಂಪ್ಯೂಟರ್ ಬರುವ ಮುನ್ನ ಬ್ರಿಟನ್ನಿನ ಜಾನ್ ಆರ್. ಟಿ. ಡೇವಿಸ್ ಟೇಪಿನ ಮೇಲಿನ ಲೇಪವನ್ನು ಆಯಾ ಬಿಂದುವಿನಲ್ಲಿ ಕೈಯಿಂದ ಕೆರೆದು ಇದನ್ನು ಸಾಧಿಸುತ್ತಿದ್ದರು. ನಿರಂತರವಾದ ಮರಳಿನ ಸದ್ದಿನ ವಿಷಯ ಹಾಗಲ್ಲ. ಸ, ಶ, ತ ಮೊದಲಾದ ವ್ಯಂಜನಗಳ ಅಂಚುಗಳು ಆ ಸದ್ದು ಇರುವ ಎಡೆಯಲ್ಲಿಯೇ ಇರುವುದರಿಂದ, ಸದ್ದನ್ನು ಒರೆಸಿದಂತೆಲ್ಲ ಮಾತು ಮಂಕಾಗುತ್ತದೆ. ಇದನ್ನು ಒಪ್ಪದ ಪ್ರಕಾಶಕರಿಗೆ ನಾನು ಬ್ಲೂಸ್ ಗಾಯಕ ಮಿಸಿಸಿಪ್ಪಿ ಜಾನ್ ಹರ್ಟ್ ಅವರ ವಿಷಯವನ್ನು ಹೇಳುತ್ತೇನೆ. ಅವರು 1928ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಓಕೆ ಕಂಪನಿಗೆ ಹಾಡಿ ಊರಿಗೆ ಮರಳಿ, ಸಂಗೀತಪ್ರಪಂಚಕ್ಕೆ ಮೂರು ದಶಕಕ್ಕೂ ಮಿಕ್ಕಿ ಇಲ್ಲದವರಾಗಿದ್ದರು. 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ತರುಣ ಆ ಹಳೆಯ ಮುದ್ರಣದಲ್ಲಿ ಗಾಯಕ ತನ್ನ ಊರೆಂದು ಹಾಡುವ 'ಅವಲಾನ್' ಎಂಬ ಒಂದು ಪದವನ್ನು ಹಿಡಿದು, ಮಿಸಿಸಿಪ್ಪಿಯ ಆ ಪುಟ್ಟ ಊರನ್ನು ಹುಡುಕಿಕೊಂಡು ಹೋದಾಗ ಹರ್ಟ್ ಅಲ್ಲಿಯೇ ಸಿಕ್ಕರು. ಅದೇ ವರ್ಷ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ ಹಾಡಿದರು, 1966ರಲ್ಲಿ ತೀರಿಕೊಳ್ಳುವವರೆಗೆ ಹಾಡುತ್ತಲೇ ಇದ್ದರು. ನಮ್ಮ ಸಂಕಲನದಲ್ಲಿ ಆ ಹಾಡು ಬರುವಾಗ ಪ್ಲೇಟಿನ ಬಿರುಕಿನ ಸದ್ದುಗಳನ್ನಷ್ಟೇ ತೆಗೆದು, ಮರಳಿನ ಸದ್ದನ್ನು ಅದು ಇದ್ದಷ್ಟೇ ಪ್ರಮಾಣದಲ್ಲಿ ಉಳಿಸಿದ್ದೇನೆ.